ಹಾಲಿವೆಲ್‌ನ ಬಾವಿ

ಬಾವಿಯೆಂದರೆ ನಮ್ಮ ಕಣ್ಣ ಮುಂದೆ ಬರುವುದು ರಾಟೆ, ಹಗ್ಗ ಮತ್ತು ಕೊಡ. ನೀರು ಆಳದಲ್ಲಿರುತ್ತದೆ, ನಾವು ಸೇದಿಕೊಳ್ಳಬೇಕು. ಇಂಗ್ಲಿಷರು 'ವೆಲ್' ಎಂದು ಕರೆಯುವುದು ಯಾವಾಗಲೂ ಇಂತಹ ಬಾವಿಯನ್ನೇ ಅಲ್ಲ; ನೆಲದಿಂದ ತಾನಾಗಿ ಉಕ್ಕಿ ಬರುವ ಒರತೆಗೂ ಹಳೆಯ ರೂಢಿಯಲ್ಲಿ ಅದೇ ಹೆಸರು. ಐರ್ಲೆಂಡ್, ವೇಲ್ಸ್, ಕಾರ್ನ್‌ವಾಲ್ ಸೀಮೆಗಳಲ್ಲಿ ಹೀಗೆ ಪವಿತ್ರವೆಂದು ಹೆಸರಾದ ಒರತೆಗಳು ನೂರಾರು. ಒಂದು ಕಣ್ಣಿನ ಬೇನೆಗೆ, ಇನ್ನೊಂದು ಮಕ್ಕಳ ಬಾಲಗ್ರಹಕ್ಕೆ, ಮತ್ತೊಂದು ಕೀಲುನೋವಿಗೆ ಎಂದು ಜನ ಅವುಗಳನ್ನು ಹಂಚಿಕೊಂಡಿದ್ದರು. ಪಕ್ಕದ ಮರದ ಕೊಂಬೆಗೆ ಬಟ್ಟೆಯ ಚೂರನ್ನು ಕಟ್ಟಿ ಹೋಗುವುದು ಅಲ್ಲಿಯೂ ಉಂಟು. ಹೆಚ್ಚಿನವು ಈಗ ಯಾವುದೋ ಹೊಲದ ಮೂಲೆಯಲ್ಲಿ, ಪೊದೆಗಳ ನಡುವೆ ಮರೆತು ಬಿದ್ದಿವೆ. ಆದರೆ ವೇಲ್ಸ್ ನಾಡಿನ ಉತ್ತರದಲ್ಲಿ, ಡೀ ನದಿಯ ಅಳಿವೆಯ ಸಮೀಪದಲ್ಲಿರುವ ಒಂದು ಒರತೆಗೆ ಮಾತ್ರ ಯಾತ್ರಿಕರು ಬರುವುದು ನಿಂತೇ ಇಲ್ಲ. ಊರಿಗೆ ಹೆಸರೇ ಹಾಲಿವೆಲ್, ಅಂದರೆ ಪವಿತ್ರ ಬಾವಿ. ವೇಲ್ಸ್ ಭಾಷೆಯಲ್ಲಿ ಟ್ರೆಫನ್ನನ್ ಎನ್ನುತ್ತಾರೆ. 'ಟ್ರೆ' ಎಂದರೆ ಊರು, 'ಫನ್ನನ್' ಎಂದರೆ ಒರತೆ. ನಮ್ಮ ಬಾವಿಕೆರೆ, ಬಾವಿಹಾಳಗಳ ಹಾಗೆಯೇ ನೀರಿನಿಂದ ಹುಟ್ಟಿದ ಹೆಸರು.

ಮೂವತ್ತಮೂರು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಬೋಧಿಸಿದ ನಾನು ತೀರ್ಥಯಾತ್ರೆಗಳನ್ನು ಕುರಿತು ಬರೆಯುವುದು ಅಪರೂಪ. ಈ ಬಾವಿಯನ್ನು ಕುರಿತು ಬರೆಯಲು ಎರಡು ಕಾರಣಗಳಿವೆ. ಒಂದು, ಅದರ ಚರಿತ್ರೆಯೇ ಬಹಳ ವಿಚಿತ್ರವಾದುದು. ಇನ್ನೊಂದು, 2019ರ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ನನ್ನ ಪತ್ನಿಗೆ ಕಂಪವಾತವೆಂದು ತಿಳಿದು ಎರಡು ವರ್ಷಗಳಾಗಿದ್ದವು. ವೈದ್ಯರು ಪಾರ್ಕಿನ್ಸನ್ ಕಾಯಿಲೆ ಎನ್ನುವುದೇ ಇದು. ಬಲಗೈಯ ಹೆಬ್ಬೆರಳಿನಲ್ಲಿ ಆರಂಭವಾದ ನಡುಕ ಆ ಹೊತ್ತಿಗೆ ಮುಂಗೈಗೆ ಏರಿತ್ತು. ರಂಗೋಲಿಯ ಎಳೆ ವಕ್ರವಾಗತೊಡಗಿದ ಮೇಲೆ ಆಕೆ ರಂಗೋಲಿ ಹಾಕುವುದನ್ನು ಬಿಟ್ಟಿದ್ದಳು. ಮಗಳು ಮತ್ತು ಅಳಿಯ ಚೆಸ್ಟರ್ ನಗರದ ಹತ್ತಿರ ವಾಸವಾಗಿದ್ದಾರೆ. ಮೂರು ತಿಂಗಳು ಅವರೊಡನೆ ಇದ್ದು ಬರೋಣವೆಂದು ಹೋಗಿದ್ದೆವು. ಅಲ್ಲಿಂದ ಹಾಲಿವೆಲ್‌ಗೆ ಸುಮಾರು ಮೂವತ್ತು ಕಿಲೋಮೀಟರು. ಹೋಗೋಣವೆಂದು ಮೊದಲು ಹೇಳಿದವಳು ನನ್ನ ಪತ್ನಿಯೇ. ಆಕೆಯ ಕುತೂಹಲವನ್ನು ಕೆರಳಿಸಿದ್ದು ಮಗಳು ಹೇಳಿದ ಸ್ಥಳಪುರಾಣ.

ಆ ಪುರಾಣ ಹೀಗಿದೆ. ಏಳನೆಯ ಶತಮಾನದಲ್ಲಿ ವಿನಿಫ್ರೆಡ್ ಎಂಬ ಕನ್ಯೆಯಿದ್ದಳು. ವೇಲ್ಸಿನವರ ಬಾಯಲ್ಲಿ ಗ್ವೆನ್‌ಫ್ರೇವಿ. ಆಕೆ ಸನ್ಯಾಸಿನಿಯಾಗಲು ನಿಶ್ಚಯಿಸಿದ್ದಳು. ಕರಾಡಗ್ ಎಂಬ ನಾಯಕನ ಮಗ ಆಕೆಯನ್ನು ಬಲಾತ್ಕಾರದಿಂದ ವಶಪಡಿಸಿಕೊಳ್ಳಲು ಬಂದ. ಆಕೆ ಬೆಟ್ಟದ ಇಳಿಜಾರಿನಲ್ಲಿ, ಸೋದರಮಾವ ಬೈನೋ ಎಂಬ ಸಂತನಿದ್ದ ಗುಡಿಯ ಕಡೆಗೆ ಓಡಿದಳು. ಕರಾಡಗ್ ಬೆನ್ನಟ್ಟಿ ಆಕೆಯ ತಲೆಯನ್ನು ಕತ್ತರಿಸಿದ. ರುಂಡ ಇಳಿಜಾರಿನಲ್ಲಿ ಉರುಳಿ ನಿಂತ ಜಾಗದಲ್ಲಿ ಬಂಡೆ ಸೀಳಿ ನೀರು ಚಿಮ್ಮಿತು. ಬೈನೋ ಬಂದು ರುಂಡವನ್ನು ಮುಂಡಕ್ಕೆ ಸೇರಿಸಿ ಪ್ರಾರ್ಥಿಸಲಾಗಿ ಆಕೆ ಎದ್ದು ಕುಳಿತಳು. ಕೊರಳ ಸುತ್ತ ದಾರದಷ್ಟು ತೆಳುವಾದ ಗೆರೆಯೊಂದು ಮಾತ್ರ ಉಳಿಯಿತು. ಕೊಂದವನನ್ನು ಭೂಮಿ ನುಂಗಿತು. ಆಕೆ ಮುಂದೆ ಹಲವು ವರ್ಷ ಬದುಕಿ, ಗ್ವಿದರಿನ್ ಎಂಬಲ್ಲಿ ಸನ್ಯಾಸಿನಿಯರ ಮಠದ ಒಡತಿಯಾಗಿ ತೀರಿಕೊಂಡಳು. 1138ರಲ್ಲಿ ಆಕೆಯ ಅಸ್ಥಿಗಳನ್ನು ಶ್ರೂಸ್‌ಬರಿಯ ಮಠಕ್ಕೆ ಒಯ್ದರು. ಆಕೆಯ ಚರಿತ್ರೆ ಬರಹಕ್ಕೆ ಇಳಿದದ್ದೂ ಆ ಶತಮಾನದಲ್ಲಿಯೇ. ಎಂದರೆ ಘಟನೆ ನಡೆಯಿತೆನ್ನುವ ಕಾಲಕ್ಕೂ ಬರೆದ ಕಾಲಕ್ಕೂ ಐದುನೂರು ವರ್ಷಗಳ ಅಂತರ. ಇತಿಹಾಸದ ಮೇಷ್ಟ್ರುಗಳು ಇದನ್ನು ಗಮನಿಸಬೇಕು.

ಮಗಳು ಈ ಕಥೆಯನ್ನು ಮುಗಿಸುವ ಮೊದಲೇ ನನ್ನ ಪತ್ನಿ, "ಇದು ನಮ್ಮ ಎಲ್ಲಮ್ಮನ ಕಥಿನs ಆತಲ್ಲ!" ಎಂದಳು. ಆಕೆಯ ತವರೂರು ಸವದತ್ತಿಯ ಕಡೆ. ಓದುಗರಲ್ಲಿ ಆ ಭಾಗದವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಮರಳಿನ ಕೊಡದಲ್ಲಿ ಮಲಪ್ರಭೆಯ ನೀರು ತರುತ್ತಿದ್ದ ರೇಣುಕೆ ಒಂದು ದಿನ ಮನಸ್ಸು ಚಂಚಲವಾಗಿ ಆ ಶಕ್ತಿಯನ್ನು ಕಳೆದುಕೊಂಡಳು. ಜಮದಗ್ನಿಯ ಶಾಪದಿಂದ ಮೈಯೆಲ್ಲ ತೊನ್ನು, ಕುಷ್ಠ ಹತ್ತಿ ಅಡವಿಪಾಲಾದಳು. ಅಲ್ಲಿ ಇಬ್ಬರು ಜೋಗಿಗಳ ಉಪದೇಶದಂತೆ ಜೋಗುಳಬಾವಿಯಲ್ಲಿ ಮಿಂದು ರೋಗಮುಕ್ತಳಾಗಿ ಗಂಡನ ಬಳಿಗೆ ಮರಳಿದಳು. ಆದರೂ ಋಷಿಯ ಕೋಪ ಆರಲಿಲ್ಲ. ತಂದೆಯ ಆಜ್ಞೆಯಂತೆ ಪರಶುರಾಮ ತಾಯಿಯ ರುಂಡವನ್ನು ಕಡಿದ. ಅನಂತರ ವರ ಬೇಡಿ ಬದುಕಿಸಿಕೊಂಡ. ಇಂದಿಗೂ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರು ಮೊದಲು ಜೋಗುಳಬಾವಿಯಲ್ಲಿ ಸ್ನಾನ ಮಾಡಿ, ಸತ್ಯಮ್ಮನಿಗೆ ಕೈಮುಗಿದು ಮುಂದೆ ಗುಡ್ಡ ಹತ್ತುತ್ತಾರೆ. ನನ್ನ ಪತ್ನಿಗೆ ಏಳೆಂಟು ವರ್ಷವಿದ್ದಾಗ ಮೈತುಂಬ ಕಜ್ಜಿಯಾಗಿ, ಆಕೆಯ ತಾಯಿ ಅಲ್ಲಿಗೆ ಕರೆದುಕೊಂಡು ಹೋಗಿ ಮೀಯಿಸಿದ್ದರಂತೆ. ವಾಸಿಯಾಯಿತೆಂದು ಪತ್ನಿ ಈಗಲೂ ಹೇಳುತ್ತಾಳೆ. ಮನೆಗೆ ಬಂದ ಮೇಲೆ ಗಂಧಕದ ಮುಲಾಮನ್ನೂ ಹಚ್ಚಿದ್ದುದಾಗಿ ಅತ್ತೆಯವರೇ ನನಗೆ ಒಮ್ಮೆ ಹೇಳಿದ್ದರು. ಈ ಎರಡನೆಯ ಸಂಗತಿಯನ್ನು ನಾನು ಮನೆಯಲ್ಲಿ ಹೆಚ್ಚು ಪ್ರಸ್ತಾಪಿಸುವುದಿಲ್ಲ.

ಎರಡು ಕಥೆಗಳಲ್ಲಿ ವ್ಯತ್ಯಾಸವೂ ಇದೆ. ಅಲ್ಲಿ ತಲೆ ಕಡಿದವನು ಪಾಪಿ, ಭೂಮಿಗೆ ಆಹುತಿಯಾದ. ಇಲ್ಲಿ ಕಡಿದವನು ಪಿತೃವಾಕ್ಯಪರಿಪಾಲಕನೆನಿಸಿ ಪೂಜೆಗೊಂಡ. ಈ ಮಾತನ್ನು ನಾನು ಆಡಿದಾಗ ಪತ್ನಿ, "ಕಡಿದಾವರ ಹೆಸರು ಯಾರಿಗೆ ಬೇಕ್ರೀ, ಜನಾ ಹೋಗೂದು ಅಕೀ ಹತ್ತರ" ಎಂದುಬಿಟ್ಟಳು. ಅದೂ ನಿಜವೇ.

ಬಾವಿ ಊರಿನ ಇಳಿಜಾರಿನಲ್ಲಿ, ರಸ್ತೆಯ ಪಕ್ಕದಲ್ಲಿಯೇ ಇದೆ. ಸಣ್ಣ ಪ್ರವೇಶಶುಲ್ಕ ಕೊಟ್ಟು ಒಳಗೆ ಹೋದರೆ ಎದುರಿಗೆ ಎರಡು ಅಂತಸ್ತಿನ ಕಲ್ಲಿನ ಕಟ್ಟಡ. ಮೇಲೆ ಪ್ರಾರ್ಥನಾಮಂದಿರ, ಕೆಳಗೆ ಕಮಾನುಗಳ ಮಂಟಪ. ಮಂಟಪದ ನಡುವೆ ನಕ್ಷತ್ರಾಕಾರದ ಕಟ್ಟೆಯೊಳಗೆ ಒರತೆ ಕುದಿಯುವಂತೆ ಮೇಲೇಳುತ್ತಿರುತ್ತದೆ. ಹದಿನಾರನೆಯ ಶತಮಾನದ ಆರಂಭದ ಕಟ್ಟಡವಿದು. ಇಂಗ್ಲೆಂಡಿನ ದೊರೆ ಏಳನೆಯ ಹೆನ್ರಿಯ ತಾಯಿ ಮಾರ್ಗರೆಟ್ ಬೋಫೋರ್ಟ್ ಕಟ್ಟಿಸಿದಳೆಂದು ಪ್ರತೀತಿ. ನಡುವಿನಿಂದ ಇಳಿಬಿದ್ದ ಕಲ್ಲಿನ ಗೊಂಚಲಿನಲ್ಲಿ ವಿನಿಫ್ರೆಡಳ ಕಥೆಯ ದೃಶ್ಯಗಳನ್ನು ಕೆತ್ತಿದ್ದಾರೆ. ನಮ್ಮ ಚಾಲುಕ್ಯ, ಹೊಯ್ಸಳರ ಕೆಲಸ ನೋಡಿದ ಕಣ್ಣಿಗೆ ಶಿಲ್ಪದ ದೃಷ್ಟಿಯಿಂದ ಅದೇನೂ ಅಸಾಧಾರಣವಲ್ಲ. ಆದರೆ ಅಲ್ಲಿಯೇ ಒಂದು ಚಿಕ್ಕ ಕೆತ್ತನೆಯಿದೆ: ಯಾತ್ರಿಕನೊಬ್ಬ ನಡೆಯಲಾರದ ಇನ್ನೊಬ್ಬನನ್ನು ಬೆನ್ನ ಮೇಲೆ ಹೊತ್ತುಕೊಂಡು ಬರುತ್ತಿದ್ದಾನೆ. ಐದು ಶತಮಾನಗಳ ಗಾಳಿ ಮತ್ತು ತೇವಕ್ಕೆ ಇಬ್ಬರ ಮುಖಗಳೂ ಸವೆದಿವೆ. ನಾನು ಹೆಚ್ಚು ಹೊತ್ತು ನಿಂತು ನೋಡಿದ್ದು ಅದನ್ನೇ.

ಒಳಗಿನ ಕಟ್ಟೆಯಿಂದ ಹರಿದ ನೀರು ಹೊರಗಿನ ಒಂದು ಸಣ್ಣ ಕೊಳಕ್ಕೆ ಬರುತ್ತದೆ. ಹಳೆಯ ಪದ್ಧತಿಯಂತೆ ರೋಗಿ ಒಳಗಿನ ಸ್ನಾನದ ತೊಟ್ಟಿಯ ಮೂಲಕ ಮೂರು ಸಲ ಹಾದು, ಅನಂತರ ಹೊರಗಿನ ಕೊಳದಲ್ಲಿ ಮೆಟ್ಟಿಲ ಬಳಿ ನೀರಿನಡಿಯಲ್ಲಿರುವ ಬೈನೋ ಸಂತನ ಕಲ್ಲಿನ ಮೇಲೆ ಮಂಡಿಯೂರಿ ಪ್ರಾರ್ಥನೆಯನ್ನು ಮುಗಿಸಬೇಕು. ಮೂರು ಮುಳುಗು ಹಾಕುವ ಸಂಕಲ್ಪಕ್ಕೆ ನಮ್ಮಲ್ಲಿಯೂ ಅರ್ಥವಿದೆಯಷ್ಟೆ. ನೀರಿನ ಶೈತ್ಯ ಬೇಸಿಗೆಯಲ್ಲಿಯೂ ಚಳಿಗಾಲದಲ್ಲಿಯೂ ಸುಮಾರು ಹತ್ತು ಡಿಗ್ರಿ. ನೆಲದ ಆಳದಿಂದ ಬರುವ ನೀರಿಗೆ ಋತುಗಳ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲವೆಂಬುದನ್ನು ಒಂಬತ್ತನೆಯ ತರಗತಿಯಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೇನೆ. ಅಂತಹ ನೀರಿನಲ್ಲಿ ಕೈಯಿಟ್ಟು ನೋಡಿದಾಗ ಮಾತ್ರ ಅದರ ನಿಜವಾದ ಅರ್ಥ ತಿಳಿಯುತ್ತದೆ.

ಚರಿತ್ರೆಯ ಮಾತಿಗೆ ಬರುತ್ತೇನೆ. 1240ರಿಂದ ಸುಮಾರು ಮುನ್ನೂರು ವರ್ಷ ಈ ಬಾವಿ ಹತ್ತಿರದ ಬೇಸಿಂಗ್‌ವರ್ಕ್ ಮಠದ ವಶದಲ್ಲಿತ್ತು. ಎಂಟನೆಯ ಹೆನ್ರಿ ಪೋಪನೊಡನೆ ಜಗಳವಾಡಿ ಮಠಗಳನ್ನೆಲ್ಲ ಮುಚ್ಚಿಸಿದಾಗ ಆ ಮಠವೂ ಹಾಳಾಯಿತು. ಪವಿತ್ರ ಬಾವಿ, ಯಾತ್ರೆ, ಹರಕೆಗಳೆಲ್ಲ ಮೂಢನಂಬಿಕೆಯೆಂದು ಹೊಸ ಧರ್ಮದವರು ಸಾರಿದರು. ದೇಶದ ಬೇರೆ ಯಾತ್ರಾಸ್ಥಳಗಳು ಅಳಿದವು, ಇದೊಂದು ಅಳಿಯಲಿಲ್ಲ. ಊರಿನ ಎರಡು ವಸತಿಗೃಹಗಳಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಗುಟ್ಟಾಗಿ ಪೂಜೆ ನಡೆಸುತ್ತಿದ್ದರು. 1629ರ ನವೆಂಬರಿನಲ್ಲಿ ವಿನಿಫ್ರೆಡಳ ಹಬ್ಬದ ದಿನ ಹದಿನಾಲ್ಕು ಹದಿನೈದು ನೂರು ಜನ ಸೇರಿದ್ದರೆಂದು ಸರಕಾರದ ಬೇಹುಗಾರರು ವರದಿ ಮಾಡಿದ್ದಾರೆ. ಬೇಹುಗಾರರ ಕಣ್ಣೆದುರಿಗೇ, ನವೆಂಬರಿನ ಚಳಿಯಲ್ಲಿ, ಆ ನೀರಿನಲ್ಲಿ!

ರಾಜರೂ ಬಂದಿದ್ದಾರೆ. 1680ರ ದಶಕದಲ್ಲಿ ಎರಡನೆಯ ಜೇಮ್ಸ್ ಇಲ್ಲಿಗೆ ಬಂದು ಗಂಡುಸಂತಾನಕ್ಕಾಗಿ ಪ್ರಾರ್ಥಿಸಿದ. 1688ರ ಜೂನ್‌ನಲ್ಲಿ ಮಗ ಹುಟ್ಟಿದ. ಕ್ಯಾಥೊಲಿಕ್ ದೊರೆಗೆ ಕ್ಯಾಥೊಲಿಕ್ ಉತ್ತರಾಧಿಕಾರಿ ಬಂದನೆಂದು ಹೆದರಿದ ಪ್ರಾಟೆಸ್ಟಂಟ್ ಪ್ರಮುಖರು ಅದೇ ವರ್ಷ ಆತನನ್ನು ಸಿಂಹಾಸನದಿಂದ ಇಳಿಸಿದರು. ಬೇಡಿದ ವರ ಫಲಿಸಿತು, ಫಲಿಸಿದ್ದೇ ಮುಳುವಾಯಿತು. ನಮ್ಮ ಪುರಾಣಗಳಲ್ಲಿ ಇಂತಹವನ್ನು ಓದಿದಾಗ ನಾವು ನಗುತ್ತೇವೆ. ಇದು ಪಠ್ಯಪುಸ್ತಕದಲ್ಲಿರುವ ಇತಿಹಾಸ.

ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1774ರಲ್ಲಿ ಬಂದಾಗ ಹೆಂಗಸೊಬ್ಬಳು ಎಲ್ಲರೆದುರು ಸ್ನಾನ ಮಾಡುತ್ತಿದ್ದುದನ್ನು ಕಂಡು ಇದು ಸಭ್ಯತೆಯಲ್ಲವೆಂದು ಬರೆದುಕೊಂಡಿದ್ದಾನೆ. ಆತ ಬರೆದ ಇನ್ನೊಂದು ವಿವರ ನನಗೆ ಹೆಚ್ಚು ಮುಖ್ಯವಾಗಿ ತೋರಿತು. ಒರತೆಯ ನೀರು ಹುಟ್ಟಿದ ಕೆಲವೇ ಗಜಗಳ ದೂರದಲ್ಲಿ ಒಂದು ಗಿರಣಿಯನ್ನು ತಿರುಗಿಸಿ, ಮುಂದಿನ ಎರಡು ಮೈಲಿಯೊಳಗೆ ಇನ್ನೂ ಹದಿನೆಂಟನ್ನು ತಿರುಗಿಸುತ್ತಿತ್ತಂತೆ. ಬಾವಿಯಿಂದ ಸಮುದ್ರದವರೆಗಿನ ಆ ಚಿಕ್ಕ ಕಣಿವೆಯಲ್ಲಿ ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಹತ್ತಿಯ ಗಿರಣಿಗಳೂ ತಾಮ್ರ, ಹಿತ್ತಾಳೆಯ ಕಾರ್ಖಾನೆಗಳೂ ತುಂಬಿದ್ದವು. ಹಡಗುಗಳ ತಳಕ್ಕೆ ಹೊದಿಸುವ ತಾಮ್ರದ ತಗಡು ಅಲ್ಲಿ ತಯಾರಾಗುತ್ತಿತ್ತು. ಅಷ್ಟೇ ಅಲ್ಲ, ಆಫ್ರಿಕಾದ ಕರಾವಳಿಯಲ್ಲಿ ಗುಲಾಮರನ್ನು ಕೊಳ್ಳಲು ಹಣದಂತೆ ಬಳಸುತ್ತಿದ್ದ 'ಮನಿಲ್ಲಾ' ಎಂಬ ಲೋಹದ ಕಡಗಗಳೂ ತಯಾರಾಗುತ್ತಿದ್ದವು. 1788ರಲ್ಲಿ ಗುಲಾಮ ವ್ಯಾಪಾರಕ್ಕೆ ಕಡಿವಾಣ ಹಾಕುವ ಮಾತು ಬಂದಾಗ, ತನ್ನ ಬಂಡವಾಳ ಮುಳುಗುತ್ತದೆಂದು ಇಲ್ಲಿನ ತಾಮ್ರದ ದೊರೆ ಥಾಮಸ್ ವಿಲಿಯಮ್ಸ್ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿದ. ಮೇಲೆ ಕುಂಟರು ಕಾಲು ಬೇಡುತ್ತಿದ್ದ ನೀರೇ ಕೆಳಗೆ ಹರಿದು ಮನುಷ್ಯರನ್ನು ಕೊಳ್ಳುವ ಕಡಗಗಳನ್ನು ಮಾಡಿಸುತ್ತಿತ್ತು. ಈ ಮಾತು ಹೇಳುವಾಗ ನಮ್ಮ ಜೋಗುಳಬಾವಿಯ ವಿಷಯದಲ್ಲಿ ಸುಮ್ಮನಿರುವುದು ನ್ಯಾಯವಲ್ಲ. ಅಲ್ಲಿ ಮಿಂದು ಗುಡ್ಡ ಹತ್ತಿದ ಬಡವರ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ಅವರ ಬಾಳನ್ನೇ ಮಾರಿದ್ದನ್ನು ತಡೆಯಲು 1982ರ ದೇವದಾಸಿ ನಿಷೇಧ ಕಾಯಿದೆ ಬರಬೇಕಾಯಿತು. ನೀರಿಗೆ ದೋಷವಿಲ್ಲ ಎನ್ನಬಹುದು. ದಡದಲ್ಲಿ ನಿಂತವರಿಗೆ ಇದ್ದೇ ಇದೆ.

ಬಾವಿಯ ಕಲ್ಲುಗಳ ಮೇಲೆ ಕೆಂಪು ಕಲೆಗಳಿದ್ದು, ಅವು ವಿನಿಫ್ರೆಡಳ ರಕ್ತವೆಂದು ಜನ ನಂಬಿದ್ದರು. ಅದು ಕಲ್ಲಿನ ಮೇಲೆ ಬೆಳೆಯುವ ಒಂದು ಬಗೆಯ ಪಾಚಿ. ಜಾತಿಯಲ್ಲಿ ಹಸಿರು ಪಾಚಿಯಾದರೂ ಅದರೊಳಗಿನ ವರ್ಣದ್ರವ್ಯದಿಂದ ಕೆಂಪಾಗಿ ಕಾಣುತ್ತದೆ. ಅದಕ್ಕೆ ನಸುವಾದ ಸುವಾಸನೆಯೂ ಇರುವುದರಿಂದ ಪವಾಡದ ಕಥೆಗೆ ಪರಿಮಳವೂ ಸೇರಿತು. ಆ ಊರಿನ ಹತ್ತಿರವೇ ಹುಟ್ಟಿ ಬೆಳೆದ ಪ್ರಕೃತಿವಿಜ್ಞಾನಿ ಥಾಮಸ್ ಪೆನೆಂಟ್ ಹದಿನೆಂಟನೆಯ ಶತಮಾನದಲ್ಲಿಯೇ ಇದನ್ನು ವಿವರಿಸಿದ್ದಾನೆ.

ಆದರೆ ಈ ಬಾವಿಯ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು 1917ರ ಘಟನೆ. ಊರಿನ ಹಿಂದಿರುವ ಹಾಲ್ಕಿನ್ ಬೆಟ್ಟ ಸುಣ್ಣಕಲ್ಲಿನದು. ಮಳೆಯ ನೀರು ಗಾಳಿಯ ಇಂಗಾಲಾಮ್ಲವನ್ನು ಕರಗಿಸಿಕೊಂಡು ಬಿರುಕುಗಳಲ್ಲಿ ಇಳಿಯುತ್ತ, ಲಕ್ಷಾಂತರ ವರ್ಷಗಳಲ್ಲಿ ಸುಣ್ಣಕಲ್ಲನ್ನು ತಿಂದು ಭೂಗತ ಕಾಲುವೆಗಳನ್ನು ಮಾಡಿಕೊಂಡಿರುತ್ತದೆ. ಆ ಕಾಲುವೆಯ ಬಾಯಿಯೇ ಈ ಒರತೆಯಾಗಿತ್ತು. ಅದೇ ಬೆಟ್ಟದಲ್ಲಿ ಸೀಸದ ಗಣಿಗಳೂ ಇದ್ದವು. ಗಣಿಗಳಲ್ಲಿ ತುಂಬುವ ನೀರನ್ನು ಹೊರಹಾಕಲೆಂದು 1897ರಲ್ಲಿ ಡೀ ಅಳಿವೆಯ ಕಡೆಯಿಂದ ಸಮುದ್ರಮಟ್ಟದಲ್ಲಿ ಒಂದು ಸುರಂಗವನ್ನು ತೋಡಲು ಆರಂಭಿಸಿದರು. 1917ರ ಜನವರಿಯಲ್ಲಿ ಸುರಂಗ ಆ ಭೂಗತ ಕಾಲುವೆಯನ್ನು ಕತ್ತರಿಸಿತು. ಬಾವಿ ಬತ್ತಿಹೋಯಿತು. ರಾಜರ ಕಾಲದಲ್ಲಿ, ಬೇಹುಗಾರರ ಕಾಲದಲ್ಲಿ, ಹತ್ತೊಂಬತ್ತು ಗಿರಣಿಗಳ ಕಾಲದಲ್ಲಿ ನಿಲ್ಲದಿದ್ದ ನೀರು ಸುರಂಗದ ಮೂಲಕ ಸಮುದ್ರ ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೆಲದಡಿಯ ಬೇರೊಂದು ಮೂಲದಿಂದ ನೀರನ್ನು ತಂದು ಬಾವಿಗೆ ಬಿಟ್ಟರು. ಹರಿವು ಮೊದಲಿಗಿಂತ ಬಹಳ ಕಡಿಮೆ. ಈಗ ಕಟ್ಟೆಯಲ್ಲಿ ಉಕ್ಕುತ್ತಿರುವುದು ಆ ನೀರು. ಎಂದರೆ, ರುಂಡ ಉರುಳಿದಾಗ ಚಿಮ್ಮಿತೆನ್ನುವ ಒರತೆ ಅದಲ್ಲ.

ಯಾತ್ರಿಕರು ಈ ಕಾರಣದಿಂದ ಬರುವುದನ್ನು ಬಿಡಲಿಲ್ಲ. ಇದನ್ನು ನಾನು ಅಲ್ಲಿಯೇ ಕಲ್ಲುಬೆಂಚಿನ ಮೇಲೆ ಕುಳಿತು ಪತ್ನಿಗೆ ವಿವರಿಸಿದೆ. ವಿವರಿಸುವುದು ನನ್ನ ವೃತ್ತಿಯಿಂದ ಬಂದ ಅಭ್ಯಾಸ. ಆಕೆ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೇಳುತ್ತಿದ್ದಳು. ಹಾಗೆ ಹಿಡಿದುಕೊಂಡರೆ ನಡುಕ ಬೇರೆಯವರಿಗೆ ಕಾಣುವುದಿಲ್ಲ.

"ನೀರು ಬ್ಯಾರೆ ಆದರೇನಾತ್ರೀ, ಬಾವಿ ಅದs ಐತಲ್ಲ? ಹೊಳ್ಯಾಗ ನಿನ್ನಿ ನೀರು ಇವತ್ತ ಇರತೈತೇನು?" ಎಂದಳು.

ನಾನು ಸುಮ್ಮನಾದೆ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಕೇಳಿದಳು: "ಇದರಾಗ ಇಳಿದ್ರ ನನ್ನ ಕೈ ನೆಟ್ಟಗಾಕ್ಕೈತೇನ್ರೀ? ನಿಮ್ಮ ಸೈನ್ಸ್ ಏನ ಹೇಳತೈತಿ?"

ಮೂವತ್ತೇಳು ವರ್ಷಗಳ ಸಂಸಾರದಲ್ಲಿ ಆಕೆ ನನ್ನನ್ನು ಇಷ್ಟು ನೇರವಾಗಿ ಕೇಳಿದ ಪ್ರಶ್ನೆಗಳು ಕಡಿಮೆ. ಮಗಳು ನನ್ನ ಮುಖ ನೋಡಿದಳು. ಆಗಲಿ ಎಂದು ಹೇಳಿಬಿಡಲಿ ಎಂಬುದು ಅವಳ ಇಚ್ಛೆಯಾಗಿತ್ತೆಂದು ನನಗೆ ತಿಳಿಯಿತು. "ಇಲ್ಲ, ನಡುಕ ನಿಲ್ಲೂದಿಲ್ಲ" ಎಂದೆ.

"ಅದು ನನಗೂ ಗೊತ್ತೈತಿ. ನಿಂದರ್ಲಿ ಅಂತ ಕೇಳಾಕ ನಾ ಬಂದಿಲ್ಲ. ಇಷ್ಟು ಮಂದಿ ಬ್ಯಾನಿ ತಗೊಂಡು ಬಂದ ಜಾಗಾ. ಒಮ್ಮೆ ಇಳದು ಕೈ ಮುಗಿಬೇಕು" ಎಂದು ಎದ್ದಳು.

ಹೊರಗಿನ ಕೊಳದ ಮೆಟ್ಟಿಲುಗಳು ಒದ್ದೆಯಾಗಿದ್ದವು. ಈ ಕಾಯಿಲೆಯವರಿಗೆ ಬೀಳುವ ಭಯವೇ ದೊಡ್ಡದು. ಹೆಜ್ಜೆ ಒಮ್ಮೊಮ್ಮೆ ನೆಲಕ್ಕೆ ಅಂಟಿಕೊಂಡಂತಾಗುತ್ತದೆ. ಒಂದು ಕಡೆ ಮಗಳು ಹಿಡಿದಳು. ಇನ್ನೊಂದು ಕಡೆ ನಾನು ಹಿಡಿಯಲು ಬೂಟು ಕಳಚುತ್ತಿದ್ದೆ. ಅಷ್ಟರಲ್ಲಿ, ತನ್ನ ಕುಟುಂಬದೊಡನೆ ಬಂದಿದ್ದ ಕೇರಳದ ಮಧ್ಯವಯಸ್ಸಿನ ಹೆಂಗಸೊಬ್ಬಳು ಸೀರೆಯ ನೆರಿಗೆ ಎತ್ತಿ ಕಟ್ಟಿ ನೀರಿಗಿಳಿದು ಆಕೆಯ ಬಲಮುಂಗೈಯನ್ನು ಹಿಡಿದುಕೊಂಡಳು. ಲಿವರ್‌ಪೂಲಿನ ಕಡೆ ಆಸ್ಪತ್ರೆಯೊಂದರಲ್ಲಿ ದಾದಿಯಂತೆ. ಹಿಡಿದ ರೀತಿಯಿಂದಲೇ ಕಾಯಿಲೆ ಯಾವುದೆಂದು ಅವಳಿಗೆ ಗೊತ್ತಾಗಿತ್ತೆಂದು ತಿಳಿಯುತ್ತಿತ್ತು. ಹೆಜ್ಜೆ ಅಂಟಿಕೊಂಡಾಗ ಎಳೆಯಲಿಲ್ಲ. ಮೆಲ್ಲಗೆ ಒಂದು, ಎರಡು, ಮೂರು ಎಂದು ಎಣಿಸಿದಳು. ಎಣಿಕೆಗೆ ಕಾಲು ತಾನಾಗಿ ಎದ್ದಿತು. ಇದು ಪವಾಡವಲ್ಲ. ತಾಳಕ್ಕೆ ಸರಿಯಾಗಿ ಹೆಜ್ಜೆಯಿಡಿಸುವುದು ಈ ಕಾಯಿಲೆಯ ಚಿಕಿತ್ಸೆಯಲ್ಲಿ ತಿಳಿದಿರುವ ಉಪಾಯ. ನಮ್ಮ ವೈದ್ಯರು ಹೇಳಿರಲಿಲ್ಲ, ಅಂದಿನಿಂದ ಮನೆಯಲ್ಲಿ ನಾವು ಅದನ್ನು ಬಳಸುತ್ತಿದ್ದೇವೆ. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಮೂವರೂ ಎರಡು ನಿಮಿಷ ನಿಂತರು. ಚಳಿಗೆ ಪತ್ನಿಯ ತುಟಿಗಳೂ ನಡುಗುತ್ತಿದ್ದವು. ಆಕೆ ಜೋಗುಳಬಾವಿಯಲ್ಲಿ ಹೇಳುವಂತೆ "ಉಧೋ ಉಧೋ" ಎಂದದ್ದು ನನಗೆ ಮೇಲಿನವರೆಗೂ ಕೇಳಿಸಿತು. ಪಕ್ಕದಲ್ಲಿದ್ದ ಆ ತಾಯಿ ಶಿಲುಬೆಯ ಗುರುತು ಹಾಕಿಕೊಂಡಳು.

ಪಕ್ಕದ ವಸ್ತುಸಂಗ್ರಹಾಲಯದಲ್ಲಿ, ಗುಣವಾದವರು ಬಿಟ್ಟುಹೋದ ಊರುಗೋಲುಗಳನ್ನು ಇಟ್ಟಿದ್ದಾರೆ. ಸಣ್ಣವು, ದೊಡ್ಡವು, ಕಂಕುಳಿಗೆ ಬಟ್ಟೆ ಸುತ್ತಿದವು. ಅವುಗಳನ್ನು ನೋಡಿ ನಗುವುದು ನನ್ನಿಂದಾಗಲಿಲ್ಲ. 1805ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನ ವಿನಿಫ್ರೆಡ್ ವೈಟ್ ಎಂಬ ಸೇವಕಿ ಒಂದು ಭಾಗ ಸ್ವಾಧೀನವಿಲ್ಲದೆ ಊರುಗೋಲಿನ ಮೇಲೆ ಬಂದು, ಇಲ್ಲಿ ಸ್ನಾನ ಮಾಡಿ, ನಡೆದುಕೊಂಡು ಹೋದಳೆಂದು ಜಾನ್ ಮಿಲ್ನರ್ ಎಂಬ ಬಿಷಪ್ ಸಾಕ್ಷಿಗಳ ಹೇಳಿಕೆಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದಾನೆ. ಇಂತಹ ದಾಖಲೆಗಳನ್ನು ಓದುವಾಗ ನನಗೆ ಬರುವ ಮೊದಲ ಪ್ರಶ್ನೆ: ಊರುಗೋಲಿನೊಡನೆಯೇ ಮರಳಿದವರ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ಬಿಟ್ಟುಹೋದ ಕೋಲುಗಳು ಕಣ್ಣಿಗೆ ಬೀಳುತ್ತವೆ, ಹಿಂದಕ್ಕೆ ಒಯ್ದ ಕೋಲುಗಳು ಬೀಳುವುದಿಲ್ಲ. ಸಂಖ್ಯಾಶಾಸ್ತ್ರದ ಈ ಮೊದಲ ಪಾಠವನ್ನು ನಾನು ಬಿಟ್ಟುಕೊಡಲಾರೆ.

ಹಾಗೆಂದು ಎಲ್ಲವನ್ನೂ ಸುಳ್ಳೆಂದು ತಳ್ಳಿಹಾಕಲೂ ಮನಸ್ಸು ಒಪ್ಪುವುದಿಲ್ಲ. ಕಂಪವಾತಕ್ಕೆ ನಮ್ಮ ಹಳೆಯ ವೈದ್ಯರು ಕೊಡುತ್ತಿದ್ದ ನಸುಗುನ್ನಿಯ ಬೀಜವನ್ನೇ ನೋಡಿ. ಇಂದು ನನ್ನ ಪತ್ನಿ ನುಂಗುವ ಮಾತ್ರೆಯಲ್ಲಿರುವ ಲೆವೊಡೋಪಾ ಎಂಬ ದ್ರವ್ಯವೇ ಆ ಬೀಜದಲ್ಲಿದೆ. ಭಾರತದ ಇಬ್ಬರು ಸಂಶೋಧಕರು 1937ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. ಆ ಔಷಧ ಪಾಶ್ಚಾತ್ಯ ವೈದ್ಯಪದ್ಧತಿಯಲ್ಲಿ ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಇನ್ನೂ ಆಶ್ಚರ್ಯದ ಸಂಗತಿಯೊಂದಿದೆ. 2001ರಲ್ಲಿ ಕೆನಡಾದ ಸಂಶೋಧಕರು ಪಾರ್ಕಿನ್ಸನ್ ರೋಗಿಗಳಿಗೆ ಔಷಧವಿಲ್ಲದ ಚುಚ್ಚುಮದ್ದನ್ನು ಕೊಟ್ಟು ಮೆದುಳಿನ ಚಿತ್ರ ತೆಗೆದರು. ಗುಣವಾಗುತ್ತದೆಂಬ ನಿರೀಕ್ಷೆಯಿಂದಲೇ ಅವರ ಮೆದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗಿತ್ತು. ಈ ಕಾಯಿಲೆಯಲ್ಲಿ ಕೊರತೆಯಾಗುವುದು ಅದೇ ದ್ರವ್ಯ. ನಿರೀಕ್ಷೆ ಬರಿಯ ಭ್ರಮೆಯಲ್ಲ, ಅದಕ್ಕೆ ರಾಸಾಯನಿಕ ರೂಪವೇ ಇದೆಯೆಂದಾಯಿತು. ಅದು ರೋಗವನ್ನು ವಾಸಿ ಮಾಡುವುದಿಲ್ಲ, ಸತ್ತ ಜೀವಕೋಶಗಳು ಮರಳಿ ಬರುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಳಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅರ್ಧಸತ್ಯವಾಗುತ್ತದೆ. ಇದನ್ನು ಅಂದು ಮೊದಲೇ ಆಕೆಗೆ ಹೇಳಿದ್ದರೆ ನಿರೀಕ್ಷೆ ಹೆಚ್ಚುತ್ತಿತ್ತೋ ಕಡಿಮೆಯಾಗುತ್ತಿತ್ತೋ ಎಂಬುದನ್ನು ಯೋಚಿಸುತ್ತ ನಾನು ಹಿಂದಿರುಗುವಾಗ ಕಾರಿನಲ್ಲಿ ಕುಳಿತಿದ್ದೆ. ಆಕೆ ಮಗಳ ಹೆಗಲಿಗೆ ಒರಗಿ ಗಾಢವಾಗಿ ನಿದ್ರಿಸುತ್ತಿದ್ದಳು. ಈ ಕಾಯಿಲೆ ಬಂದ ಮೇಲೆ ಹಗಲು ಹೊತ್ತಿನಲ್ಲಿ ಅಂತಹ ನಿದ್ರೆಯನ್ನು ನಾನು ಕಂಡಿರಲಿಲ್ಲ.

ನಡುಕ ನಿಲ್ಲಲಿಲ್ಲ. ವರ್ಷಗಳು ಕಳೆದಂತೆ ಮಾತ್ರೆಯ ಪ್ರಮಾಣ ಎರಡು ಸಲ ಹೆಚ್ಚಾಗಿದೆ, ಈಗ ಎಡಗೈಗೂ ಹರಡಿದೆ. ಆದರೆ ಆ ವರ್ಷದ ದೀಪಾವಳಿಗೆ ಆಕೆ ಮತ್ತೆ ಅಂಗಳದಲ್ಲಿ ರಂಗೋಲಿ ಹಾಕಿದಳು. ಎಳೆಗಳು ವಕ್ರವಾಗಿಯೇ ಇದ್ದವು. ಯಾರು ನೋಡಿದರೂ ಅದನ್ನು ಮುಚ್ಚಿಡುವ ಪ್ರಯತ್ನ ಮಾಡಲಿಲ್ಲ. ಕೈಯನ್ನು ಕೈಯಿಂದ ಹಿಡಿದುಕೊಳ್ಳುವುದನ್ನೂ ಬಿಟ್ಟಿದ್ದಾಳೆ. ಇದಕ್ಕೂ ಆ ಬಾವಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ನನ್ನ ಬಳಿ ಪ್ರಮಾಣವಿಲ್ಲ.

ಅಲ್ಲಿಂದ ಒಂದು ಬಾಟಲಿ ನೀರನ್ನು ಆಕೆ ತುಂಬಿಸಿಕೊಂಡು ಬಂದಿದ್ದಳು. ಅದು ದೇವರ ಗೂಡಿನಲ್ಲಿದೆ. ಓಣಿಯ ಹೆಂಗಸರು ಮೊಣಕಾಲು ನೋವು, ಮಗುವಿನ ಜ್ವರ ಎಂದು ಬಂದು ಕೇಳಿದರೆ ಒಂದೊಂದು ಚಮಚ ಕೊಡುತ್ತಾಳೆ. ಡಾಕ್ಟರರ ಹತ್ತಿರವೂ ಹೋಗಬೇಕೆಂದು ಜೊತೆಗೇ ಹೇಳುತ್ತಾಳೆ. ಇಷ್ಟು ವರ್ಷವಾದರೂ ಬಾಟಲಿ ತುಂಬಿಯೇ ಇರುವುದನ್ನು ಕಂಡು ಒಮ್ಮೆ ವಿಚಾರಿಸಿದೆ. ಕಡಿಮೆಯಾದಾಗಲೆಲ್ಲ ನಲ್ಲಿಯ ನೀರನ್ನು ಕಾಯಿಸಿ, ಆರಿಸಿ, ಅದಕ್ಕೆ ಬೆರೆಸುತ್ತಾಳಂತೆ. ಧಾರವಾಡದ ನಮ್ಮ ಓಣಿಯ ನಲ್ಲಿಗೆ ಬರುವುದು ಮಲಪ್ರಭೆಯ ನೀರು, ಸವದತ್ತಿಯ ಜಲಾಶಯದಿಂದ.